ವಿದ್ಯಾರ್ಥಿಗಳ ಡಿಜಿಟಲ್ ಕಲಾ ಪ್ರದರ್ಶನ: ಕೆಲಸ ಚೆನ್ನಾಗಿದೆ, ಇಟ್ಟ ರೀತಿ ಸಾಲದು

ಮೊದಲೇ ಹೇಳಿಬಿಡುತ್ತೇನೆ, ಈ ಪ್ರದರ್ಶನ ನನಗೆ ತುಂಬಾ ಇಷ್ಟವಾಯಿತು. ಬೆಂಗಳೂರಿನ ಒಂದು ಮ್ಯೂಸಿಯಂನಲ್ಲಿ ಕಲಾ ಕಾಲೇಜೊಂದರ ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಡಿಜಿಟಲ್ ಕೆಲಸಗಳನ್ನು ಇಟ್ಟಿದ್ದರು. ಈಗ ಅದು ಮುಗಿದಿದೆ. ಹೊಗಳಿಕೆಯ ಜೊತೆ ದೂರುಗಳೂ ಇರುವುದರಿಂದ ಮ್ಯೂಸಿಯಂ, ಕಾಲೇಜು, ಮಕ್ಕಳು, ಯಾರ ಹೆಸರನ್ನೂ ಹಾಕುತ್ತಿಲ್ಲ. ಇಂಥ ಪ್ರದರ್ಶನಗಳು ನಮ್ಮ ಊರುಗಳಲ್ಲಿ ಈಗ ಆಗಾಗ ನಡೆಯುತ್ತಿವೆ. ಹೋಗುವವರಿಗೆ, ಅದಕ್ಕಿಂತ ಜಾಸ್ತಿ ಮಾಡುವವರಿಗೆ, ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಒಂದು ವಿಷಯ ಎದ್ದು ಕಾಣುತ್ತಿತ್ತು. ಯಾವ ಕೆಲಸದಲ್ಲಿ ಅದನ್ನು ಹೇಗೆ ಮಾಡಿದರು ಅನ್ನುವುದೂ ಕಾಣಿಸುತ್ತಿತ್ತೋ ಅಲ್ಲಿ ಜನ ನಿಂತರು, ಪ್ರಶ್ನೆ ಕೇಳಿದರು, ಪಕ್ಕದವರನ್ನು ಕರೆದು ತೋರಿಸಿದರು. ಬರೀ ಫಲಿತಾಂಶ ಮಾತ್ರ ಇಟ್ಟಿದ್ದ ಕಡೆ ಫೋನ್ ತೆಗೆದು ಒಂದು ಫೋಟೋ ಹೊಡೆದು ಮುಂದೆ ಹೋದರು. ತೈಲಚಿತ್ರವಾದರೆ ಕುಂಚದ ಗುರುತು ಕ್ಯಾನ್ವಾಸಿನ ಮೇಲೇ ಇರುತ್ತದೆ, ಕಲ್ಲಿನ ವಿಗ್ರಹವಾದರೆ ಉಳಿಯ ಏಟು ಅಲ್ಲೇ ಕಾಣುತ್ತದೆ. ಸ್ಕ್ರೀನ್ ಮೇಲೆ ಅಂಥದ್ದೇನೂ ಇರುವುದಿಲ್ಲ. ಅದನ್ನು ಬೇಕಂತಲೇ ತೋರಿಸಬೇಕು. ಇದು ಅರ್ಥವಾಗಿದ್ದ ಮಕ್ಕಳ ಕೆಲಸ ಬೇರೆಯೇ ಮಟ್ಟದಲ್ಲಿತ್ತು.

ಅದರಲ್ಲಿ ಮೊದಲ ಸ್ಥಾನ ಕಸೂತಿ ಕೆಲಸಕ್ಕೆ. ಒಂದು ಮೇಜಿನ ಮೇಲೆ ಪ್ಲಾಟರ್ ಇಟ್ಟಿದ್ದರು. ಪೆನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ, ಅಷ್ಟೇ. ಪಕ್ಕದಲ್ಲಿ ಒಂದು ಸ್ಕ್ರೀನ್, ಗೋಡೆಯ ಮೇಲೆ ಚೌಕಟ್ಟಿನಲ್ಲಿ ಒಂದು ಇಳಕಲ್ ಸೀರೆಯ ಸೆರಗು. ಧಾರವಾಡ ಕಡೆಯ ಕಸೂತಿ ಗೊತ್ತಿಲ್ಲದವರಿಗೆ ಎರಡು ಮಾತು: ಅದರಲ್ಲಿ ನಾಲ್ಕು ಬಗೆಯ ಹೊಲಿಗೆ ಇದೆ, ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ನೂಲಿನ ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ, ತುಳಸಿ ಕಟ್ಟೆ ಎಲ್ಲ ತೆಗೆಯುತ್ತಾರೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಮುಂದೆ ಹಿಂದೆ ಎರಡೂ ಕಡೆ ಒಂದೇ ಚಿತ್ರ. ಗಂಟು ಹಾಕುವುದಿಲ್ಲ. ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ ಬಂದರೆ ಮುಂದಿನದು ಕೆಳಗೆ, ಹೀಗೆ ಒಂದು ಬಿಟ್ಟು ಒಂದು. ವಾಪಸ್ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬಿಕೊಂಡು ಬರುತ್ತದೆ.

ಒಂದೇ ಉದ್ದ ಗೆರೆಯಾದರೆ ಇದು ಸುಲಭ. ಗೋಪುರದ ಹಾಗೆ ಹತ್ತಾರು ಕಡೆ ಕವಲೊಡೆಯುವ ಚಿತ್ರವಾದರೆ? ಯಾವ ಕವಲಿಗೆ ಯಾವಾಗ ಹೋಗಬೇಕು, ಎಲ್ಲಿಂದ ತಿರುಗಬೇಕು, ಒಂದು ಹೆಜ್ಜೆ ತಪ್ಪಿದರೆ ಹಿಂದಿನ ಕಡೆ ದಾರ ಅಡ್ಡಾದಿಡ್ಡಿ ಕಾಣುತ್ತದೆ. ಇದನ್ನು ಮಾಡಿದ ಹುಡುಗಿಯ ಪ್ರೋಗ್ರಾಮ್ ಮಾಡುತ್ತಿದ್ದುದು ಈ ದಾರಿ ಹುಡುಕುವ ಕೆಲಸವನ್ನೇ. ಸ್ಕ್ರೀನ್ ಮೇಲೆ ಚೌಕುಳಿ ಇದೆ, ನೀವು ಬೆರಳಲ್ಲಿ ಒಂದು ಚಿತ್ರ ಹಾಕಿದರೆ ಸೂಜಿ ಹೋಗಬೇಕಾದ ದಾರಿಯನ್ನು ಅದು ತೋರಿಸುತ್ತದೆ, ಆಮೇಲೆ ಪ್ಲಾಟರ್ ಅದನ್ನೇ ಕಾಗದದ ಮೇಲೆ ಎಳೆಯುತ್ತದೆ. ಬಟ್ಟೆಯ ಮುಂದೆ ಬರುವ ಹೊಲಿಗೆ ಕೆಂಪು ಶಾಯಿಯಲ್ಲಿ, ಹಿಂದೆ ಹೋಗುವುದು ನೀಲಿಯಲ್ಲಿ. ಹೋಗುವ ದಾರಿ, ಬರುವ ದಾರಿ ಎರಡೂ ಕಣ್ಣೆದುರಿಗೇ ಮೂಡುತ್ತಾ ಹೋಗುತ್ತವೆ.

ಇದರ ಹಿಂದಿನ ಗಣಿತವನ್ನು ಆಕೆ ಒಂದು ಸಣ್ಣ ಕಾರ್ಡಿನಲ್ಲಿ ಬರೆದಿದ್ದಳು, ಅದೂ ಕನ್ನಡದಲ್ಲಿ. 18ನೇ ಶತಮಾನದಲ್ಲಿ ಆಯ್ಲರ್ ಅನ್ನುವ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳ ಮೇಲೆ, ಒಂದೊಂದನ್ನು ಒಂದೇ ಸಲ ದಾಟಿ ಎಲ್ಲವನ್ನೂ ಮುಗಿಸಲು ಆಗುತ್ತದೆಯೇ ಅಂತ ಯೋಚಿಸಿ, ಆಗುವುದಿಲ್ಲ ಅಂತ ತೋರಿಸಿದ್ದ. ಆದರೆ ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗಬಹುದು ಅಂದರೆ ಕಥೆಯೇ ಬೇರೆ: ತುಂಡಾಗದೆ ಜೋಡಿಕೊಂಡಿರುವ ಯಾವ ಚಿತ್ರವಾದರೂ ಸರಿ, ಎಲ್ಲ ಗೆರೆಗಳನ್ನೂ ಮುಗಿಸಿ ಶುರು ಮಾಡಿದ ಜಾಗಕ್ಕೇ ಬರಬಹುದು. ಗವಂತಿ ಹಾಕುವವರು ಯಾವ ಗಣಿತ ಪುಸ್ತಕವನ್ನೂ ಓದದೆ ಕೈಯಲ್ಲಿ ಇಟ್ಟುಕೊಂಡಿರುವುದು ಇದನ್ನೇ. ಆ ಕಾರ್ಡ್ ಓದಿ ಮತ್ತೆ ಗೋಡೆಯ ಮೇಲಿನ ಸೆರಗನ್ನು ನೋಡಿದರೆ ಸೆರಗು ಬೇರೆ ಥರ ಕಾಣುತ್ತಿತ್ತು.

ನನ್ನ ಜೊತೆ ಧಾರವಾಡದ ಕಾಕು ಬಂದಿದ್ದರು. ಚಿಕ್ಕ ವಯಸ್ಸಿನಿಂದ ಕಸೂತಿ ಹಾಕಿದವರು. ಅವರು ಕೇಳಿದ ಮೊದಲ ಪ್ರಶ್ನೆಯೇ, "ಹಿಂದ ಹೆಂಗ ಕಾಣಸ್ತದ ತೋರಸವಾ, ನೋಡೂಣು." ಹುಡುಗಿ ಕಾಗದವನ್ನು ಬೆಳಕಿಗೆ ಹಿಡಿದು ನೀಲಿ ಗೆರೆ ತೋರಿಸಿ, "ಎಲ್ಲೂ ಗಂಟಿಲ್ಲ ಆಂಟಿ, ಶುರು ಮಾಡಿದಲ್ಲಿಗೇ ವಾಪಸ್ ಬರುತ್ತೆ" ಅಂದಳು. ಕಾಕು ಸುಮಾರು ಹೊತ್ತು ಪ್ಲಾಟರ್ ಓಡುವುದನ್ನೇ ನೋಡಿ, "ದಾರಿ ಖರೇನ ಅದ. ಆದರ ನಾವು ಹಿಂಗ ಹೋಗಂಗಿಲ್ಲ. ಒಂದು ಟೊಂಗಿ ಮುಗಿಸೇ ಇನ್ನೊಂದಕ್ಕ ಹೋಗತೀವಿ, ಇಲ್ಲಾಂದ್ರ ಎಳಿ ಎಣಿಸೂದು ತಪ್ಪತದ" ಅಂದರು. ಯಂತ್ರಕ್ಕೆ ಎಣಿಕೆ ತಪ್ಪುವುದಿಲ್ಲ, ಹಾಗಾಗಿ ಅದು ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಮನುಷ್ಯರ ಕೈಗೆ, ಕಣ್ಣಿಗೆ ಸುಲಭವಾಗುವ ದಾರಿ ಬೇರೆ. ಹುಡುಗಿ ಆ ಮಾತನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇಡೀ ಪ್ರದರ್ಶನದಲ್ಲಿ ನನಗೆ ಅತಿ ಸಂತೋಷ ಕೊಟ್ಟ ಗಳಿಗೆ ಅದು. ಕಲೆ ಮಾಡಿದವರು, ಆ ಕಸುಬು ಬಲ್ಲವರು ಒಂದೇ ಮೇಜಿನ ಎದುರು ನಿಂತು ಕೆಲಸದ ಬಗ್ಗೆ ಸಮಸಮವಾಗಿ ಮಾತಾಡುವುದು ಎಷ್ಟು ಕಡೆ ಸಿಗುತ್ತದೆ ಹೇಳಿ?

ಪ್ಲಾಟರ್ ಅಂದರೆ ಹಳೇ ಸಾಮಾನು ಅಂತ ಪಕ್ಕದಲ್ಲಿ ಯಾರೋ ಅಂದರು. ಹಳೆಯದು ನಿಜ. 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗೇಯಾರ್ಗ್ ನೇಸ್ ಅನ್ನುವ ಗಣಿತಜ್ಞ ಕಂಪ್ಯೂಟರ್ ಎಳೆದ ಚಿತ್ರಗಳ ಪ್ರದರ್ಶನ ಮಾಡಿದ, ಕಂಪ್ಯೂಟರ್ ಕಲೆಯ ಮೊದಮೊದಲ ಪ್ರದರ್ಶನಗಳಲ್ಲಿ ಅದೂ ಒಂದು. ಅದು ನಡೆದದ್ದೂ ವಿಶ್ವವಿದ್ಯಾಲಯದ ಒಂದು ಗ್ಯಾಲರಿಯಲ್ಲೇ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬದುಕಿದ ವೇರಾ ಮೋಲ್ನಾರ್ 1968ರಿಂದ ಕಂಪ್ಯೂಟರ್ ಮತ್ತು ಪ್ಲಾಟರ್ ಹಿಡಿದು ಚೌಕ, ಗೆರೆಗಳನ್ನೇ ಸ್ವಲ್ಪ ಸ್ವಲ್ಪ ಅಲುಗಿಸುತ್ತಾ ಚಿತ್ರ ಮಾಡಿದರು, 2023ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಇವತ್ತಿಗೂ ಜನ ನಿಂತು ನೋಡುವುದು ಯಂತ್ರ ಹೊಸದು ಅಂತಲ್ಲ. ನಿಯಮ ಎಲ್ಲಿ ಮುರಿಯಬೇಕು ಅಂತ ಅವರು ಕಣ್ಣಿಟ್ಟು ನಿರ್ಧರಿಸಿದ್ದು ಗೆರೆಯಲ್ಲಿ ಗೊತ್ತಾಗುತ್ತದೆ, ಅದಕ್ಕೆ.

ಕಸೂತಿಯ ಎದುರಿಗೆ ರಂಗೋಲಿ. ಒಂದು ಎತ್ತರದ ಪರದೆ, ಮುಂದೆ ಎರಡು ಗುಂಡಿ. ಒಂದರಲ್ಲಿ ಚುಕ್ಕಿ ಎಷ್ಟು ಅಂತ ತಿರುಗಿಸಬೇಕು, ಇನ್ನೊಂದರಲ್ಲಿ ಸಂದು ಚುಕ್ಕಿಯೋ ನೇರ ಚುಕ್ಕಿಯೋ ಅಂತ ಆರಿಸಬೇಕು. ಚುಕ್ಕಿಯ ಸುತ್ತ ಎಳೆ ತಾನೇ ಸುತ್ತಿಕೊಂಡು ಹೋಗುತ್ತದೆ. ನೋಡಲು ಬಂದ ಚಿಕ್ಕ ಮಕ್ಕಳು ಗುಂಡಿ ಬಿಡಲೇ ಇಲ್ಲ. ಪಿ5 ಜೆಎಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ಬ್ರೌಸರ್‌ನಲ್ಲೇ ಓಡುತ್ತದೆ, ಮನೆಯ ಹಳೇ ಲ್ಯಾಪ್‌ಟಾಪ್ ಇದ್ದರೂ ಸಾಕು ಅಂತ ಮಾಡಿದ ಹುಡುಗ ಹೇಳಿದ. ದುಡ್ಡು ಇಲ್ಲದ ಮಕ್ಕಳೂ ಇಂಥ ಕಲೆ ಮಾಡಬಹುದು ಅನ್ನುವುದು ಮುಖ್ಯವಾದ ವಿಷಯ, ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಬೇಕಿತ್ತು. ರಂಗೋಲಿಯ ನಿಯಮಗಳನ್ನು ಕಂಪ್ಯೂಟರಿಗೆ ಹೇಳುವ ಕೆಲಸ 1970ರ ದಶಕದಲ್ಲೇ ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಿಫ್ಟ್ ಸಿರೋಮನಿ ಮತ್ತು ಜೊತೆಗಾರರು ತಮಿಳುನಾಡಿನ ಕೋಲಂ ಇಟ್ಟುಕೊಂಡು ಶುರು ಮಾಡಿದ್ದರು. ಅದರ ಸುಳಿವೂ ಇಲ್ಲಿರಲಿಲ್ಲ. ಹುಡುಗನಿಗೆ ಹೇಳಿದೆ, ಹುಡುಕಿ ಓದುತ್ತೇನೆ ಅಂದ.

ಈ ಕೆಲಸದಲ್ಲಿ ನನಗೆ ಹಿಡಿಸದ ಒಂದು ಅಂಶ ಇದೆ. ಗೆರೆ ಕೈಯಲ್ಲಿ ಹಾಕಿದ ಹಾಗೆ ಕಾಣಲಿ ಅಂತ ಎಳೆಯುದ್ದಕ್ಕೂ ಒಂದೇ ಸಮ ಸಣ್ಣ ನಡುಕ ಕೊಟ್ಟಿದ್ದ. ಕೈ ಹಾಗೆ ನಡುಗುವುದಿಲ್ಲ ಅಲ್ವಾ? ನೇರ ಹೋಗುವಾಗ ಬೆರಳು ಬೇಗ ಓಡುತ್ತದೆ, ಗೆರೆ ಸಣ್ಣಗಿರುತ್ತದೆ. ತಿರುವಿನಲ್ಲಿ ಕೈ ನಿಧಾನವಾಗುತ್ತದೆ, ಪುಡಿ ಜಾಸ್ತಿ ಬೀಳುತ್ತದೆ, ಗೆರೆ ದಪ್ಪ ಆಗುತ್ತದೆ. ಬೆಳಿಗ್ಗೆ ಯಾವ ಮನೆ ಬಾಗಿಲ ಮುಂದೆ ನೋಡಿದರೂ ಇದು ಕಾಣುತ್ತದೆ. ಕೋಡ್‌ನಲ್ಲಿ ಇದನ್ನು ಬರೆಯುವುದು ಕಷ್ಟವೇನಲ್ಲ, ವೇಗಕ್ಕೂ ದಪ್ಪಕ್ಕೂ ಸಂಬಂಧ ಕೊಟ್ಟರೆ ಆಯಿತು. ನೋಡುವ ಕೆಲಸ ಸ್ವಲ್ಪ ಜಾಸ್ತಿ ಮಾಡಬೇಕು.

ಕೆರೆಗಳ ಕೋಣೆ ಇನ್ನೊಂದು ಒಳ್ಳೆಯ ಕೆಲಸ. ಮೇಲಿಂದ ಪ್ರೊಜೆಕ್ಟರ್ ನೆಲದ ಮೇಲೆ ಬೆಂಗಳೂರಿನ ನಕ್ಷೆ ಹಾಕುತ್ತದೆ, ಮೂಲೆಯಲ್ಲಿರುವ ಕ್ಯಾಮೆರಾ ನೀವು ಎಲ್ಲಿ ನಿಂತಿದ್ದೀರಿ ಅಂತ ನೋಡುತ್ತಿರುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಮೇಲೆ ಕಾಲಿಟ್ಟರೆ ಬಸ್ಸುಗಳು ಮಾಯವಾಗಿ ಧರ್ಮಾಂಬುಧಿ ಕೆರೆಯ ನೀರು ನಿಮ್ಮ ಕಾಲ ಸುತ್ತ ಹರಡುತ್ತದೆ. ಕಂಠೀರವ ಕ್ರೀಡಾಂಗಣದ ಮೇಲೆ ನಿಂತರೆ ಸಂಪಂಗಿ ಕೆರೆ, ಹಾಕಿ ಕ್ರೀಡಾಂಗಣದ ಮೇಲೆ ಅಕ್ಕಿತಿಮ್ಮನಹಳ್ಳಿ ಕೆರೆ. ಪಕ್ಕ ಸರಿದರೆ ನೀರು ನಿಧಾನವಾಗಿ ಹಿಂದೆ ಹೋಗಿ ಮತ್ತೆ ಕಟ್ಟಡ ಬರುತ್ತದೆ. ಆ ನಿಧಾನ ತುಂಬಾ ಚೆನ್ನಾಗಿ ಯೋಚಿಸಿದ್ದು. ಥಟ್ಟನೆ ಮಾಯವಾಗಿದ್ದರೆ ಅದು ಆಟದ ಹಾಗೆ ಇರುತ್ತಿತ್ತು. ಈಗ ನೀರು ಇಂಗುವವರೆಗೆ ನೀವು ಸುಮ್ನೆ ನೋಡುತ್ತಾ ನಿಲ್ಲಬೇಕಾಗುತ್ತದೆ. ಕರಗದ ಸಮಯದಲ್ಲಿ ಪೂಜೆ ನಡೆಯುವ ಸಂಪಂಗಿ ಕೆರೆಯ ಆ ಚಿಕ್ಕ ತುಣುಕು ಮಾತ್ರ, ಯಾರು ನಿಂತರೂ ಬಿಟ್ಟರೂ, ಯಾವಾಗಲೂ ನೀಲಿಯಾಗಿಯೇ ಇತ್ತು. ಎಷ್ಟೋ ಜನ ಅದನ್ನು ಗಮನಿಸಲಿಲ್ಲ. ಗಮನಿಸಿದವರು ಅಲ್ಲಿ ಕಾಲಿಡದೆ ಸುತ್ತಿ ಹೋದರು.

ಇಲ್ಲಿಂದ ದೂರು ಶುರು. ಈ ಕೋಣೆಗೆ ಕತ್ತಲೆ ಬೇಕು, ಬಾಗಿಲಿಗೆ ಹಾಕಿದ್ದು ತೆಳು ಪರದೆ. ಮಧ್ಯಾಹ್ನ ಹೊರಗಿನ ಬೆಳಕು ಬಿದ್ದು ಅರ್ಧ ನಕ್ಷೆ ಬಿಳುಚಿಕೊಂಡಿತ್ತು. ಮಕ್ಕಳು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ, ಒಂದು ದಪ್ಪ ಕಪ್ಪು ಬಟ್ಟೆ ಇಲ್ಲದೆ ಹಾಳಾಗಬೇಕೇ? ಇದು ಮಕ್ಕಳ ತಪ್ಪಲ್ಲ, ಜಾಗ ಕೊಟ್ಟವರು ನೋಡಿಕೊಳ್ಳಬೇಕಾದ ಕೆಲಸ.

ಶಬ್ದದ ಕೆಲಸವೊಂದಿತ್ತು, ಬಸ್ ಸ್ಟ್ಯಾಂಡ್‌ಗಳ ಕೂಗುಗಳನ್ನು ಸೇರಿಸಿ ಮಾಡಿದ್ದು ಅಂತ ಫಲಕದಲ್ಲಿತ್ತು. ಮೂರು ಹೆಡ್‌ಫೋನ್‌ನಲ್ಲಿ ಎರಡು ಸತ್ತಿದ್ದವು, ಮೂರನೆಯದರಲ್ಲಿ ಒಂದೇ ಕಿವಿಗೆ ಕೇಳಿಸುತ್ತಿತ್ತು. ಕಾವಲಿಗಿದ್ದ ಅಣ್ಣನನ್ನು ಕೇಳಿದೆ. "ಮುಟ್ಟಬೇಡಿ ಅಂತ ಹೇಳಿದ್ದಾರೆ ಸರ್, ಇದನ್ನ ಮಾಡಿದ ಸ್ಟೂಡೆಂಟ್ಸ್ ಶನಿವಾರ ಬರ್ತಾರೆ" ಅಂದರು. ಅವರದ್ದೇನು ತಪ್ಪು? ಹೇಗೆ ಆಫ್ ಮಾಡಿ ಆನ್ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಡಿಜಿಟಲ್ ಕೆಲಸ ಅಂದರೆ ದಿನಾ ಒಂದಲ್ಲ ಒಂದು ನಿಲ್ಲುತ್ತದೆ, ಕಂಪ್ಯೂಟರ್ ಅಪ್‌ಡೇಟ್ ಕೇಳುತ್ತದೆ, ವೈರ್ ಸಡಿಲವಾಗುತ್ತದೆ. ಪ್ರತಿ ಕೆಲಸದ ಹಿಂದೆ ಅದನ್ನು ಮತ್ತೆ ಶುರು ಮಾಡುವುದು ಹೇಗೆ ಅಂತ ಒಂದು ಹಾಳೆ ಅಂಟಿಸಿ, ಬೆಳಿಗ್ಗೆ ಬಾಗಿಲು ತೆಗೆಯುವಾಗ ಒಬ್ಬರು ಎಲ್ಲವನ್ನೂ ಒಂದು ಸುತ್ತು ನೋಡಿಕೊಂಡು ಬಂದರೆ ಸಾಕಿತ್ತು. ಕೇಳಿಸಿದ ಒಂದು ಕಿವಿಯಲ್ಲೇ ಗೊತ್ತಾಗುತ್ತಿತ್ತು, ಅದು ಒಳ್ಳೆಯ ಕೆಲಸ ಅಂತ. ಪೂರ್ತಿ ಕೇಳಲು ಆಗಲಿಲ್ಲ ಅನ್ನುವ ಬೇಸರ ಇನ್ನೂ ಇದೆ.

ಫಲಕಗಳ ಬಗ್ಗೆ. ದೊಡ್ಡ ಬೋರ್ಡ್ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇತ್ತು, ಕೆಲಸಗಳ ಪಕ್ಕದ ಚಿಕ್ಕ ಫಲಕಗಳು ಬಹುಪಾಲು ಇಂಗ್ಲಿಷ್‌ನಲ್ಲಿ ಮಾತ್ರ. ಕಸೂತಿ ಹುಡುಗಿಯ ಹಾಗೆ ತಾವೇ ಕನ್ನಡ ಕಾರ್ಡ್ ಬರೆದಿಟ್ಟವರು ಒಬ್ಬಿಬ್ಬರು. ಜಾಸ್ತಿ ಓದಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂತ ಇತ್ತು, ಆ ನೆಲಮಹಡಿಯಲ್ಲಿ ಫೋನಿಗೆ ಸಿಗ್ನಲ್ಲೇ ಇಲ್ಲ. ಕೂತು ನೋಡಲು ಬೆಂಚೂ ಇಲ್ಲ. ಏಳೆಂಟು ನಿಮಿಷದ ವಿಡಿಯೋವನ್ನು ವಯಸ್ಸಾದವರು ನಿಂತೇ ನೋಡಬೇಕಿತ್ತು.

ಇನ್ನು ಎಐ ಚಿತ್ರಗಳ ಗೋಡೆ, ಅಂದರೆ ಬೇಕಾದ್ದನ್ನು ಮಾತಿನಲ್ಲಿ ಬರೆದು ಕೇಳಿದರೆ ಕಂಪ್ಯೂಟರ್ ತಾನೇ ಮಾಡಿಕೊಡುವ ಚಿತ್ರಗಳು. ಭವಿಷ್ಯದ ಬೆಂಗಳೂರು ಅನ್ನುವ ವಿಷಯ, ಆಳೆತ್ತರದ ಪ್ರಿಂಟ್‌ಗಳು, ಬಣ್ಣ ಕಣ್ಣಿಗೆ ಹೊಡೆಯುವ ಹಾಗೆ. ಪ್ರದರ್ಶನದಲ್ಲಿ ಅತಿ ದೊಡ್ಡ ಗೋಡೆ ಕೊಟ್ಟದ್ದು ಇವಕ್ಕೇ, ನನ್ನ ಮಟ್ಟಿಗೆ ಅತಿ ಬಡವಾದ ಕೆಲಸವೂ ಇದೇ. ಅಂಗಡಿ ಬೋರ್ಡ್‌ಗಳ ಮೇಲೆ ಕನ್ನಡದ ಹಾಗೆ ಸುರುಳಿ ಸುರುಳಿ ಇದೆ, ಹತ್ತಿರ ಹೋದರೆ ಒಂದೂ ಅಕ್ಷರ ಅಲ್ಲ. ಕರಗದ ಚಿತ್ರದಲ್ಲಿ ಕಿರೀಟ ತೊಟ್ಟ ರಾಜನೊಬ್ಬ ನಿಂತಿದ್ದಾನೆ. ಕರಗ ಹೊರುವವರ ಹೆಣ್ಣುಡುಗೆ ಎಲ್ಲಿ, ತಲೆಯ ಮೇಲಿನ ಎತ್ತರದ ಮಲ್ಲಿಗೆ ಹೂವಿನ ಗೋಪುರ ಎಲ್ಲಿ, ಕತ್ತಿ ಹಿಡಿದು ಸುತ್ತ ನಡೆಯುವ ವೀರಕುಮಾರರು ಎಲ್ಲಿ? ಎಐ ಬಳಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ಯಂತ್ರಗಳು ತಾವು ಕಲಿತ ರಾಶಿ ಚಿತ್ರಗಳಲ್ಲಿ ಜಾಸ್ತಿ ಇದ್ದದ್ದನ್ನೇ ಜಾಸ್ತಿ ಕೊಡುತ್ತವೆ, ನಮ್ಮ ಊರಿನದ್ದು ಅದರಲ್ಲಿ ಕಡಿಮೆ. ಹಾಗಿರುವಾಗ ಬಂದದ್ದನ್ನು ನೋಡಿ ಇದು ಸರಿಯಿಲ್ಲ ಅಂತ ತಳ್ಳುವುದು, ತಿದ್ದುವುದು, ತನ್ನ ಕೈ ಹಚ್ಚುವುದು ಕಲಾವಿದರ ಕೆಲಸ. ಇಲ್ಲಿ ಆ ಕೈ ಕಾಣಲಿಲ್ಲ. ಏನು ಬರೆದು ಕೇಳಿದರು, ಎಷ್ಟು ಬಂದವು, ಯಾಕೆ ಇದನ್ನೇ ಆರಿಸಿದರು, ಒಂದು ಸಾಲೂ ಇರಲಿಲ್ಲ. ಕಾಲೇಜಿನ ಮೇಷ್ಟ್ರುಗಳು ಗೋಡೆಗೆ ಹಾಕುವ ಮುಂಚೆ ಇದನ್ನು ಕೇಳಬೇಕಿತ್ತು. ಬಣ್ಣ ನೋಡಿ ದೊಡ್ಡ ಗೋಡೆ ಕೊಟ್ಟು, ಕಸೂತಿಯನ್ನು ಮೂಲೆಗೆ ಹಾಕಿದ್ದು ಸರಿಯಲ್ಲ.

ಕೊನೆಯದು ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ: ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಕಂಪ್ಯೂಟರ್ ಕಟ್ಟಿದ ಜಾಗದ ಒಳಗೇ ನಿಂತ ಹಾಗೆ ಕಾಣುತ್ತದೆ. ಇದರ ಬಗ್ಗೆ ಎಷ್ಟು ಬರೆದರೂ ಸಾಲದು. ತೀರ್ಥಹಳ್ಳಿ ಕಡೆಯ ತನ್ನ ಅಜ್ಜಿಯ ತೊಟ್ಟಿ ಮನೆಯನ್ನು, ಅದನ್ನು ಮಾರುವ ಮುಂಚೆ, ಒಬ್ಬ ಹುಡುಗ ಸಾವಿರಾರು ಫೋಟೋ ತೆಗೆದು ಮೂರು ಆಯಾಮದ ಮನೆಯಾಗಿ ಕಟ್ಟಿದ್ದ. ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ, ಒಂದರ ಮೇಲೊಂದು ಬರುವ ಹಾಗೆ ತೆಗೆದರೆ, ಸಾಫ್ಟ್‌ವೇರ್ ಎರಡರಲ್ಲೂ ಇರುವ ಗುರುತುಗಳನ್ನು ಹೊಂದಿಸಿ ಆಕಾರ ಕಟ್ಟುತ್ತದೆ. ಹೆಡ್‌ಸೆಟ್ ಹಾಕಿದರೆ ತೊಟ್ಟಿಯ ಪಕ್ಕ ನಿಲ್ಲುತ್ತೀರಿ. ಮುಂಡಿಗೆ ಕಂಬದ ಮೇಲಿನ ಗೀರು, ಅಟ್ಟದ ಏಣಿ, ಬಚ್ಚಲು ಮನೆಯ ಹಂಡೆಯ ಕೆಳಗಿನ ಮಸಿ, ಎಲ್ಲ ಇದ್ದ ಹಾಗೇ ಇದೆ. ಆದರೆ ಈ ವಿಧಾನಕ್ಕೆ ಹೊಳೆಯುವ ವಸ್ತು ಆಗುವುದಿಲ್ಲ, ನಿಂತ ಕಡೆಯಿಂದ ಕಡೆಗೆ ಹೊಳಪು ಜಾಗ ಬದಲಿಸುವುದರಿಂದ ಗುರುತು ಸಿಗುವುದಿಲ್ಲ. ಹಾಗಾಗಿ ವರ್ಷಾನುಗಟ್ಟಲೆ ಒರೆಸಿ ಒರೆಸಿ ನುಣುಪಾಗಿದ್ದ ಕೆಂಪು ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ತೂತು ಬಿದ್ದಿದೆ. ಗೋಡೆಯ ಕನ್ನಡಿ ಇದ್ದ ಕಡೆ ಖಾಲಿ. ಸರಿ ಮಾಡಬಹುದಿತ್ತು, ಬೇರೆ ಸಾಫ್ಟ್‌ವೇರ್‌ನಲ್ಲಿ ತೇಪೆ ಹಾಕಬಹುದಿತ್ತು. ಹುಡುಗ ಹಾಕಲಿಲ್ಲ. "ಅಜ್ಜಿ ಜಾಸ್ತಿ ಮುಟ್ಟಿದ ಜಾಗವೇ ಬರಲಿಲ್ಲ ನೋಡಿ, ಅದನ್ನು ನಾನು ಸುಳ್ಳು ತುಂಬಲ್ಲ" ಅಂದ. ಒಬ್ಬ ವಿದ್ಯಾರ್ಥಿ ಇಷ್ಟು ಗಟ್ಟಿಯಾಗಿ ತನ್ನ ಕೆಲಸ ಯೋಚಿಸಿದ್ದಾನೆ ಅಂದರೆ ಕಲಿಸಿದವರಿಗೂ ಕೈ ಮುಗಿಯಬೇಕು. ಆ ತೂತುಗಳ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ನನಗೆ ನಿಜವಾಗಿಯೂ ಗಂಟಲು ಕಟ್ಟಿತು.

ಹೆಡ್‌ಸೆಟ್ ಮಾತ್ರ ಒಂದೇ ಒಂದು. ಸಾಲು ಉದ್ದ. ಒರೆಸಲು ಇಟ್ಟಿದ್ದ ಟಿಶ್ಯೂ ಖಾಲಿಯಾಗಿತ್ತು. ಕನ್ನಡಕದವರಿಗೆ ಕಷ್ಟ, ಕಾಕುಗೆ ಎರಡೇ ನಿಮಿಷಕ್ಕೆ ತಲೆ ಸುತ್ತಿ ತೆಗೆದರು. ಒಳಗಿನವರು ಏನು ನೋಡುತ್ತಿದ್ದಾರೆ ಅಂತ ಹೊರಗೆ ಒಂದು ಟಿವಿಯಲ್ಲಿ ತೋರಿಸಿದ್ದರೆ ಸಾಲಿನಲ್ಲಿ ನಿಂತವರೂ ನೋಡುತ್ತಿದ್ದರು, ಹಾಕಿಕೊಳ್ಳಲು ಆಗದವರಿಗೂ ಮನೆ ಸಿಗುತ್ತಿತ್ತು. ಇದಕ್ಕೆ ಬೇಕಾಗಿದ್ದು ಒಂದು ಟಿವಿ, ಒಂದು ಕೇಬಲ್.

ಪ್ರವೇಶ ಉಚಿತವಾಗಿತ್ತು, ಅದಕ್ಕೆ ಮ್ಯೂಸಿಯಂಗೆ ಧನ್ಯವಾದ. ಇಂಥದ್ದಕ್ಕೆ ಹೋಗುವವರು ಎರಡು ಗಂಟೆ ಇಟ್ಟುಕೊಳ್ಳಿ, ವಿದ್ಯಾರ್ಥಿಗಳು ಇರುವ ದಿನ ಯಾವುದು ಅಂತ ಫೋನ್ ಮಾಡಿ ಕೇಳಿಕೊಂಡು ಆ ದಿನವೇ ಹೋಗಿ, ಮತ್ತು ಅವರನ್ನು ಮಾತಾಡಿಸಿ. ಹೇಗೆ ಮಾಡಿದೆ ಅಂತ ಕೇಳಿದರೆ ಆ ಮಕ್ಕಳ ಮುಖ ಅರಳುತ್ತದೆ. ವಿಆರ್ ಇದ್ದರೆ ಬಾಗಿಲು ತೆಗೆದ ಕೂಡಲೇ ಮೊದಲು ಅಲ್ಲಿಗೆ ಹೋಗಿ. ಸ್ವಂತ ಹೆಡ್‌ಫೋನ್ ಒಯ್ಯಿರಿ, ಪಿನ್ ಇರುವಂಥದ್ದು. ಮನೆಯಲ್ಲಿ ಕಸೂತಿಯೋ ಹಸೆ ಚಿತ್ತಾರವೋ ರಂಗೋಲಿಯೋ ಬಲ್ಲ ಹಿರಿಯರಿದ್ದರೆ ಕಂಪ್ಯೂಟರ್ ಅವರಿಗೆ ಗೊತ್ತಾಗುವುದಿಲ್ಲ ಅಂತ ಬಿಟ್ಟು ಹೋಗಬೇಡಿ.

ಕಸೂತಿ ಕೆಲಸ ಮಾಡಿದವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಆ ಪ್ಲಾಟರ್ ಎತ್ತಿಕೊಂಡು ಒಂದು ವಾರ ಧಾರವಾಡಕ್ಕೆ ಹೋಗಿ. ಉಳಿಯಲು ಕಾಕು ಮನೆ ಇದೆ, ಬರಲಿಕ್ಕೆ ಹೇಳು ಅಂತ ಅವರೇ ಅಂದಿದ್ದಾರೆ.